ಎರಡು ಜಡೆಯ ಶಿಲಾಬಾಲಿಕೆ

ಕೀಂ ಎಂದು ಮೈಕು ಒಮ್ಮೆ ಕಿರುಚಿಕೊಂಡಿತು. ಆಮೇಲೆ ಎರಡು ಸಲ ಹಲೋ. ಆಮೇಲೆ, ‘ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ, ನೆರಳಿಗೆ ಬನ್ನಿ’ ಎಂಬ ಮೇಷ್ಟ್ರ ದನಿ.

ಬಸ್ಸಿನ ಹಿಂಬದಿಯ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದ ಮಾಯಮ್ಮ ತಲೆ ಎತ್ತಲಿಲ್ಲ. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ನಾಲ್ಕು ಮಾತು ಹೇಳುತ್ತಾರೆ, ಜನ ಅವರ ಹಿಂದೆ ಒಳಗೆ ಹೋಗುತ್ತಾರೆ, ಗೋಡೆ ಉಳಿದ ಮಾತನ್ನು ನುಂಗಿಕೊಳ್ಳುತ್ತದೆ. ಆಗೊಂದು ಈಗೊಂದು ಪದ ಮಾತ್ರ ಆಚೆ ಬರುತ್ತದೆ. ಕಂಬ. ಶಾಸನ. ಇಲ್ಲಿ ಗಮನಿಸಿ. ಹೀಗೆ ಗೋಡೆ ಹಾರಿ ಬಂದ ಪದಗಳಲ್ಲೇ ಅವಳು ಇಷ್ಟು ವರ್ಷ ಸೋಮನಾಥಪುರ, ತಲಕಾಡು, ಬೇಲೂರು, ಹಳೇಬೀಡುಗಳನ್ನು ನೋಡಿದ್ದಳು.

ಇವತ್ತು ಕೇರಳ. ಸುಲ್ತಾನ್ ಬತ್ತೇರಿಯ ಹಳೆಯ ಬಸದಿ ಮೊದಲು, ಅಲ್ಲಿಂದ ಮುಂದೆ ಕಾಫಿ ತೋಟಗಳ ನಡುವಿನ ಒಂದು ಪಾಳು ಗುಡಿ. ಈ ಟ್ರಿಪ್ಪುಗಳನ್ನು ಹೊರಡಿಸುವ ಚಲುವರಾಜು ಮಂಡ್ಯದ ತನ್ನ ಅಂಗಡಿಯ ಮುಂದೆ ಕಟ್ಟಿದ ಬ್ಯಾನರಿನಲ್ಲಿ ‘ಗಡಿಯಾಚೆಯ ಹಳೆಗಾಲ, ಒಂದೇ ದಿನದ ಪ್ರವಾಸ’ ಎಂದು ಬರೆಸಿದ್ದ. ಕೆಳಗೆ ‘ವಿವರಣೆಗೆ ಇತಿಹಾಸದ ಮೇಷ್ಟ್ರು ಕೃಷ್ಣಪ್ರಸಾದ್’ ಎಂದು ಸಣ್ಣಕ್ಷರದಲ್ಲಿ. ಅದರ ಕೆಳಗೆ ಮತ್ತೆ ದಪ್ಪಕ್ಷರದಲ್ಲಿ ‘ಮಧ್ಯಾಹ್ನ ಬಿಸಿ ಮುದ್ದೆ, ಉಪ್ಸಾರು’. ಜನ ಬರುತ್ತಿದ್ದುದು ಈ ಕೊನೆಯ ಸಾಲಿಗೆ ಎಂದು ಚಲುವರಾಜುವೇ ನಗುತ್ತ ಹೇಳುತ್ತಿದ್ದ.

ಬಸ್ಸು ಕತ್ತಲಿರುವಾಗಲೇ ಮದ್ದೂರು ಬಿಟ್ಟಿತ್ತು. ಮಂಡ್ಯ, ಮೈಸೂರು, ಗುಂಡ್ಲುಪೇಟೆ ದಾಟಿ ಕಾಡಿನ ಬಾಗಿಲಿಗೆ ಬಂದಾಗ ಅಲ್ಲೊಂದು ಚೆಕ್‌ಪೋಸ್ಟು, ಅದರ ಮೇಲೆ ‘ಮದ್ದೂರು’ ಎಂಬ ಬೋರ್ಡು. ತೂಕಡಿಸುತ್ತಿದ್ದ ಹೊನ್ನಯ್ಯ ಕಣ್ಣುಜ್ಜಿಕೊಂಡು ಅದನ್ನೇ ನೋಡಿದ. ದಪ್ಪ ಮೂಳೆಯ ಮುದುಕ, ಚಲುವರಾಜುವಿನ ಯಾವ ಟ್ರಿಪ್ಪನ್ನೂ ತಪ್ಪಿಸಿಕೊಳ್ಳದವನು.

“ಏನ್ಲಾ ಚಲುವರಾಜ, ಮದ್ದೂರಲ್ಲಿ ಅತ್ತಿಸ್ಕೊಂಡು ಸುತ್ತಿ ಸುತ್ತಿ ಮದ್ದೂರ್ಗೇ ತಂದ್ಬುಟ್ಟಲ್ಲಾ.”

“ಇದು ಬ್ಯಾರೆ ಮದ್ದೂರು ಕಣಣ್ಣ. ಇಲ್ಲಿ ವಡೆ ಸಿಕ್ಕಾಕಿಲ್ಲ, ಕೂತ್ಕೋ.”

ಬಸ್ಸೆಲ್ಲ ನಕ್ಕಿತು. ಮಾಯಮ್ಮ ಕೊನೆಯ ಸೀಟಿನಲ್ಲಿ, ಕಾಲ ಬಳಿ ದೊಡ್ಡ ಪಾತ್ರೆಯನ್ನು ಎರಡು ಪಾದಗಳ ನಡುವೆ ಅದುಮಿಕೊಂಡು ಕೂತಿದ್ದಳು. ತಿರುವಿನಲ್ಲಿ ಅದು ಉರುಳದ ಹಾಗೆ ನೋಡಿಕೊಳ್ಳಬೇಕು. ಆನೆ, ಆನೆ ಎಂದು ಎಲ್ಲರೂ ಬಲಗಡೆ ಎದ್ದು ನಿಂತಾಗ ಅವಳಿಗೆ ಕಂಡದ್ದು ಬರೀ ಬೆನ್ನುಗಳು.

ಯಾಕೆ ಒಳಗೆ ಹೋಗುವುದಿಲ್ಲ ಎಂದು ಯಾರಾದರೂ ಕೇಳಿದರೆ ಅವಳು ಒಂದೇ ಮಾತು ಹೇಳುತ್ತಿದ್ದಳು, “ಇಟ್ಟು ಕಾಯಾಕಿಲ್ಲ ಕಣಮ್ಮ.” ಅದು ನಿಜವೂ ಆಗಿತ್ತು. ಅನ್ನವಾದರೆ ಬೇಯಿಸಿ ಮುಚ್ಚಿಡಬಹುದು. ಮುದ್ದೆ ಹಾಗಲ್ಲ. ಜನ ಗುಡಿಯಿಂದ ಆಚೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಹಬೆಯಾಡುತ್ತ ತಟ್ಟೆಗೆ ಬೀಳಬೇಕು. ಅವರು ಒಳಗೆ ನೋಡುವಷ್ಟು ಹೊತ್ತೂ ಅವಳು ಆಚೆ ಎಸರಿಟ್ಟು, ಹಿಟ್ಟು ಸುರಿದು, ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ದೊಣ್ಣೆಯಲ್ಲಿ ತಿರುವುತ್ತಲೇ ಇರಬೇಕು. ತಿರುವಿ ತಿರುವಿ ಅವಳ ಬಲಗೈ ಮಣಿಕಟ್ಟು ದಪ್ಪಗಾಗಿ, ಬಳೆ ಏರುತ್ತಿರಲಿಲ್ಲ. ಗ್ಯಾಸು ಬಿಟ್ಟು ಹೋಗುವಂತಿಲ್ಲ. ಊಟವಾದ ಮೇಲೆ ಪಾತ್ರೆ. ಪಾತ್ರೆ ತೊಳೆದೆದ್ದರೆ ಬಸ್ಸಿನ ಹಾರನ್ನು.

ಮೊದಲ ಸಲ ಅವಳನ್ನು ಈ ಬಸ್ಸು ಹತ್ತಲು ಹೇಳಿದವನು ಗಂಡ ತಿಮ್ಮಯ್ಯ. ಕಬ್ಬಿನ ಲೋಡಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಆತಗೂರಿನ ಆ ಮನೆಯಲ್ಲಿ ಅವನ ತಿರುಗಾಟ ಹಿತ್ತಿಲಿಂದ ಜಗಲಿಯವರೆಗೆ. ಹಳೆಯ ಕಲ್ಲುಗಳೆಂದರೆ ಅವನಿಗೆ ಮೊದಲಿಂದಲೂ ಒಂದು ಗೀಳು. ಹಂದಿಯ ಜೊತೆ ಕಾದಾಡಿ ಸತ್ತ ನಾಯಿಯ ನೆನಪಿಗೆಂದು ಸಾವಿರ ವರ್ಷದ ಹಿಂದೆ ಅವರ ಊರಲ್ಲಿ ನಿಲ್ಲಿಸಿದ್ದ ಕಲ್ಲು ಅವನು ಹುಟ್ಟುವ ಮೊದಲೇ ಬೆಂಗಳೂರಿನ ಮ್ಯೂಸಿಯಂ ಸೇರಿತ್ತು.

“ನಮ್ಮೂರ್ ಕಲ್ಲೇ ನಾನು ನೋಡ್ನಿಲ್ಲ. ನೀನಾರ ಓಗಿ ಊರೂರ್ ಕಲ್ಲು ನೋಡ್ಕೊಂಡು ಬಾ” ಎಂದಿದ್ದ.

ಆ ಮೊದಲ ಟ್ರಿಪ್ಪಿನ ಸಂಜೆ ಅವಳು ಬಂದು ಪಾತ್ರೆ ಇಳಿಸುವ ಮುಂಚೆಯೇ ಕೇಳಿದ್ದ, “ಏನೇನ್ ನೋಡ್ದೆ?”

ಪಾತ್ರೆಯ ತಳ ನೋಡಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನ ಮುಖ ಹಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಜನ ಆಡಿಕೊಂಡ ಮಾತು ಒಂದಿಷ್ಟು, ಮೈಕಿನಿಂದ ಉದುರಿದ್ದು ಒಂದಿಷ್ಟು, ಎರಡನ್ನೂ ಸೇರಿಸಿ ಅವಳು ಒಂದು ಗುಡಿ ಕಟ್ಟಿಕೊಟ್ಟಳು. ತಿಮ್ಮಯ್ಯ ಕಣ್ಣು ಮುಚ್ಚಿಕೊಂಡು ಕೇಳಿದ. ಅಲ್ಲಿಂದ ಮುಂದೆ ಪ್ರತಿ ಟ್ರಿಪ್ಪಿಗೂ ಒಂದು ಗುಡಿಯಾಯಿತು. ಅವಳ ದಣಿವೆಲ್ಲ ಆ ಒಂದು ಗಳಿಗೆಯಲ್ಲಿ ಇಳಿಯುತ್ತಿತ್ತು.

ಬೇಲೂರಿನ ದಿನ ಗೋಡೆ ಹಾರಿ ಬಂದ ಪದ ಶಿಲಾಬಾಲಿಕೆ. ಶಿಲೆ ಎಂದರೆ ಕಲ್ಲು. ಬಾಲಿಕೆ ಎಂಬುದನ್ನು ಅವಳು ಬಾಲಿಕಾ ಪ್ರೌಢಶಾಲೆಯ ಬೋರ್ಡಿನಲ್ಲಿ ಕೂಡಿಸಿ ಕೂಡಿಸಿ ಓದಿದ್ದಳು. ಅನುಮಾನವೇ ಬರಲಿಲ್ಲ. ಆ ಸಂಜೆ ಗಂಡನಿಗೆ ಹೇಳಿದಳು: ಗುಡಿ ಸುತ್ತ ಕಲ್ಲಿನ ಎಣ್ಣುಮಕ್ಕಳು, ಚಿಕ್ಕವು, ಸಾಲಾಗಿ ನಿಂತವೆ, ಇಸ್ಕೂಲಿಗೆ ಒಂಟಂಗೆ. ಎರಡೆರಡು ಜಡೆ. ಒಂದು ಮಗೀಗೆ ಜಡೆ ಬಿಚ್ಚೋಗಿ ಪಕ್ಕದೋಳು ಎಣೀತಾವ್ಳೆ, ಅದ್ನೂ ಕೆತ್ತವ್ರೆ.

“ಜಡೆ ಎಣ್ಯಾದ್ನೂವಾ?” ಎಂದು ತಿಮ್ಮಯ್ಯ ಬೆರಗಾದ. ಆ ಗುಡಿ ಅವನಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಜಗಲಿಗೆ ಬಂದು ಕೂತವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಮೂರನೇ ಮನೆಯ ಕುಸುಮ ಸಂಘದವರ ಜೊತೆ ಬೇಲೂರಿಗೆ ಹೋಗಿ ಬಂದದ್ದು ಮೊನ್ನೆ ದೀಪಾವಳಿಯ ಆಸುಪಾಸು. ಜಗಲಿಯಲ್ಲಿ ಕೂತಿದ್ದವರ ಮುಂದೆ ಮೊಬೈಲು ಹಿಡಿದು, “ಮಾವ, ಶಿಲಾಬಾಲಿಕೆ ನೋಡಿ” ಎಂದಳು. ತಿಮ್ಮಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಮೈತುಂಬ ಒಡವೆ ಹಾಕಿಕೊಂಡ, ಸೊಂಟ ಬಳುಕಿಸಿ ಕನ್ನಡಿ ನೋಡಿಕೊಳ್ಳುತ್ತಿದ್ದ ತುಂಬು ಹೆಂಗಸು.

“ಇವ್ರಲ್ಲ ಕಣಮ್ಮ. ಮಕ್ಳು. ಇಸ್ಕೂಲ್ ಮಕ್ಳು ತೋರ್ಸು.”

ಕುಸುಮ ನಕ್ಕಳು. ಜಗಲಿಯೇ ನಕ್ಕಿತು. ‘ಬ್ಯಾಗು ಎಲ್ಲಿ ಮಡಗವ್ರೆ ಕೇಳು’ ಎಂದು ಯಾರೋ ಅಂದರು.

ಮಾಯಮ್ಮ ಗದ್ದೆಯಿಂದ ಬಂದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಬೈಯಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ತಿರುಗಿ ಆಡುತ್ತಿದ್ದಳು.

“ಕತೆ ಅಂತ ಯೋಳಿದ್ರೂ ಕೇಳ್ತಿದ್ದೆ ಕಣೆ” ಎಂದ. “ನಾನು ನಿಜ ಅಂತ ನಾಕ್ ಜನಕ್ಕೆ ಯೋಳ್ಬುಟ್ಟಿವ್ನಿ.” ಗೋಡೆ ನೋಡುತ್ತಲೇ ಮತ್ತೆ, “ಇನ್ಮ್ಯಾಕೆ ಕಣ್ಣಲ್ಲಿ ನೋಡಿದ್ರೆ ಯೋಳು. ಇಲ್ದಿದ್ರೆ ಬ್ಯಾಡ.”

ಅದಾದ ಮೇಲೆ ಎರಡು ಟ್ರಿಪ್ಪು ಕಳೆದಿದ್ದವು. ಎರಡು ಸಲವೂ ಅವನು, “ಬಂದ್ಯಾ?” ಎಂದಷ್ಟೇ ಕೇಳಿದ್ದ. ಅವಳು, “ಊಂ” ಎಂದಿದ್ದಳು. ಇವತ್ತು ಹೊರಡುವಾಗ ಸೊಸೆಗೆ ಅವನ ಮಾತ್ರೆ ತೋರಿಸಿ ಅವಳು ಹೊಸಿಲು ದಾಟಿದಾಗ ಅವನಿಗೆ ಎಚ್ಚರವಿತ್ತು. ಏನಾದರೂ ಒಂದನ್ನು ಕಣ್ಣಾರೆ ನೋಡದೆ ಈ ಸಲ ಮನೆಗೆ ಹೋಗುವುದಿಲ್ಲ ಎಂದು ಅವಳು, ಮದ್ದೂರಿಗೆ ಬಿಡಲು ನಿಂತಿದ್ದ ಮಗನ ಬೈಕು ಹತ್ತುವಾಗ ಅಂದುಕೊಂಡಿದ್ದಳು.

ಬಸದಿ ಹಾಗೆಯೇ ಹೋಯಿತು. ಸೊಪ್ಪು ಮುಗಿಯುವಷ್ಟರಲ್ಲಿ ಜನ ಆಚೆ ಬಂದು ಬಾಳೆಕಾಯಿ ಚಿಪ್ಸಿನ ಅಂಗಡಿಗೆ ಮುತ್ತಿದ್ದರು.

ಪಾಳು ಗುಡಿಗೆ ಬಸ್ಸು ಹೋಗುವ ದಾರಿ ಇರಲಿಲ್ಲ. ರಸ್ತೆ ಬದಿಯ ಮನೆಯವರು ಅಂಗಳದಲ್ಲಿ ಒಲೆ ಹೂಡಲು ಒಪ್ಪಿದರು. ಅವರ ಮಾತು ಇವರಿಗೆ ತಿಳಿಯಲಿಲ್ಲ, ಇವರದು ಅವರಿಗೆ ತಿಳಿಯಲಿಲ್ಲ, ಆದರೂ ಒಂದು ಬಿಂದಿಗೆ ನೀರು ಬಂತು. ಕಾಫಿ ಗಿಡಗಳ ನಡುವೆ ಒಂದು ಕಾಲುದಾರಿ ಒಳಗೆ ಹೋಗುತ್ತಿತ್ತು. ಕೃಷ್ಣಪ್ರಸಾದ್ ಮೈಕು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಜನರ ಸಾಲು ತಿರುವಿನಲ್ಲಿ ಮರೆಯಾಯಿತು. ಮಾಯಮ್ಮ ಎಸರಿಟ್ಟಳು.

ಹಿಟ್ಟು ಸುರಿದು ದೊಣ್ಣೆ ನೆಟ್ಟಿದ್ದಳು. ಚಲುವರಾಜು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

“ಮಾಯಕ್ಕ, ಒಂದ್ ಮಾತು. ಬ್ಯಾಸರ ಮಾಡ್ಕಬ್ಯಾಡ.”

“ಏನಪ್ಪ?”

“ಮುಂದ್ಲ ಸಲದಿಂದ ಊಟಕ್ಕೆ ಎಲ್ಲಾ ಕಡೇಲೂ ಓಟ್ಲು ಮಾತಾಡಿವ್ನಿ. ಗ್ಯಾಸ್ ಸಿಲಿಂಡ್ರು ಬಸ್ಸಲ್ಲಿ ತುಂಬ್ಕೊಂಡು ಕಾಡೊಳಗೆ ಬರದು ದೊಡ್ಡ ರಗಳೆ. ನಿಂಗೂ ವಯಸ್ಸಾಯ್ತು.”

ಅವಳು ದೊಣ್ಣೆ ತಿರುವುತ್ತಲೇ ಇದ್ದಳು. “ಇಲ್ಲಿ ಇಟ್ಟು ಮಾಡ್ತಾರಾ?”

“ಅವ್ರಿಗೆ ಇಟ್ಟು ಎಲ್ಲಿ ಬತ್ತದೆ? ದಪ್ಪಕ್ಕಿ ಅನ್ನ, ಮೀನು.”

“ಒನ್ನಯ್ಯಣ್ಣ ಉಂಡಂಗೆ.”

“ಮೀನಂದ್ರೆ ಬಾಯ್ ಮುಚ್ಕೊಂಡು ಉಣ್ತಾನೆ ಬುಡು.”

ಮಾಯಮ್ಮ ಕವೆಗೋಲಿನ ಮೇಲೆ ಇನ್ನಷ್ಟು ಭಾರ ಬಿಟ್ಟು ತಿರುವಿದಳು. ಮೊದಲು ಅವಳಿಗೆ ಹೆಗಲಿಂದ ಏನೋ ಇಳಿದ ಹಾಗಾಯಿತು. ಇನ್ನು ಕತ್ತಲಲ್ಲಿ ಏಳಬೇಕಾಗಿಲ್ಲ, ಈ ಪಾತ್ರೆ ಹೊರಬೇಕಾಗಿಲ್ಲ. ಆಮೇಲೆ ತಿರುವುತ್ತಿದ್ದ ಕೈ ತಾನಾಗಿ ನಿಧಾನವಾಯಿತು. ಹಾಗಾದರೆ ಇದೇ ಕೊನೆಯ ಗುಡಿ. ಇವತ್ತು ತಪ್ಪಿದರೆ, “ಬಂದ್ಯಾ?” ಎಂದು ಕೇಳುವುದಕ್ಕೂ ಇನ್ನು ಅವನಿಗೆ ಏನೂ ಇರುವುದಿಲ್ಲ.

“ಗಂಟು ಕಟ್ತದೆ ಅಕ್ಕ, ತಿರುವು” ಎಂದು ಚಲುವರಾಜು ಎದ್ದು ಹೋದ.

ಎಲ್ಲರಿಗಿಂತ ಮೊದಲು ಕಾಲುದಾರಿಯಲ್ಲಿ ಕಾಣಿಸಿಕೊಂಡವನು ಹೊನ್ನಯ್ಯ. ಬಂದವನೇ ಗೋಣಿಚೀಲದ ಮೇಲೆ ಕಾಲು ಚಾಚಿದ. “ಆಯ್ತಾ ಮಾಯಕ್ಕ?”

“ಆಯ್ತು, ಕಟ್ತಾ ಇವ್ನಿ. ಎಂಗೈತಣ್ಣ ಒಳಗೆ?”

“ಎಂಗಿದ್ದದು? ಕಲ್ಲು. ಕಂಬ. ಸೂರು ಬಿದ್ದೋಗದೆ.”

“ಕಂಬದ ಮ್ಯಾಲೆ ಏನೈತೆ?”

“ಸಣ್ಸಣ್ಣ ಗೊಂಬೆ ಅವೆ. ಮೇಷ್ಟ್ರು ಏನೋ ಯೋಳ್ತಿದ್ರು. ಇಟ್ಟಿನ್ ವಾಸ್ನೆ ಬಂತು, ನಾನು ಬಂದ್ಬುಟ್ಟೆ.”

ಇಷ್ಟು ಸಿಕ್ಕರೆ ಸಾಕಿತ್ತು, ಹಿಂದೆಲ್ಲ. ಸೂರಿಲ್ಲದ ಗುಡಿ, ಸಣ್ಣ ಗೊಂಬೆ. ಬಸ್ಸು ಮದ್ದೂರು ಮುಟ್ಟುವಷ್ಟರಲ್ಲಿ ಆ ಗೊಂಬೆಗಳಿಗೆ ಸೀರೆ ಉಡಿಸಿ, ಸೂರಿನ ಜಾಗದಲ್ಲಿ ಒಂದು ಆಲದ ಮರ ಬೆಳೆಸಿರುತ್ತಿದ್ದಳು. ಈಗಲೂ ಮರ ಚಿಗುರತೊಡಗಿತು. ಮಾಯಮ್ಮ ಒದ್ದೆ ಕೈಯಲ್ಲಿ ಬಿಸಿ ಹಿಟ್ಟನ್ನು ಹಲಗೆಯ ಮೇಲೆ ಬಲವಾಗಿ ಹೊರಳಿಸಿದಳು. ಅಂಗೈ ಸುಟ್ಟಿತು. ಮರವನ್ನು ಅಲ್ಲಿಗೇ ಬಿಟ್ಟಳು.

ಜನ ಬಂದರು, ಕೈ ತೊಳೆದರು, ಅಂಗಳದ ತುಂಬ ಕೂತು ಉಂಡರು. ಅವಳು ಬಗ್ಗಿ ಬಗ್ಗಿ ಮುದ್ದೆ ಹಾಕಿದಳು, ಖಾರ ಹಾಕಿದಳು, ಉಪ್ಸಾರು ಬಿಟ್ಟಳು. ಕೊನೆಯಲ್ಲಿ ಬಂದ ಕೃಷ್ಣಪ್ರಸಾದ್ ತಟ್ಟೆ ಹಿಡಿದು ನಿಂತರು. ಮಾತಾಡಿ ಮಾತಾಡಿ ಅವರ ಗಂಟಲು ಒಡೆದಿತ್ತು.

“ಮೇಷ್ಟ್ರೆ, ಆ ಗುಡಿಗೆ ಬೀಗ ಆಕ್ತಾರಾ?”

“ಬಾಗಿಲೇ ಇಲ್ಲವಲ್ಲ ಮಾಯಮ್ಮ, ಬೀಗ ಎಲ್ಲಿಗೆ ಹಾಕ್ತಾರೆ?” ಎಂದು ಅವರು ನಕ್ಕರು. ತಟ್ಟೆಗೆ ಬಿದ್ದ ಮುದ್ದೆಯ ಹಬೆಗೆ ಮುಖ ಒಡ್ಡಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು.

ಕೊನೆಗೆ ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ತನಗೊಂದು ಚಿಕ್ಕ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಕೂತುಕೊಳ್ಳಲಿಲ್ಲ. ಕೂತರೆ ಮೊಣಕಾಲು ಮತ್ತೆ ಏಳಗೊಡುವುದಿಲ್ಲ ಎಂದು ಗೊತ್ತಿತ್ತು. ಒಲೆ ಆರಿಸಿ, ಸಿಲಿಂಡರಿನ ಕೀಲಿ ತಿರುಗಿಸಿ, ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದಳು.

ಚಲುವರಾಜು ಹಲ್ಲು ಕಡ್ಡಿ ಕಚ್ಚಿಕೊಂಡು ಹತ್ತಿರ ಬಂದ.

“ಬ್ಯಾಗ ಉಣ್ಣು ಮಾಯಕ್ಕ. ಪಾತ್ರೆ ಊರಲ್ಲಿ ತೊಳ್ದ್ರಾಯ್ತು, ಅಂಗೇ ಡಿಕ್ಕಿಗಾಕು. ತಡ ಆದ್ರೆ ರಾತ್ರಿಗೆ ಕಾಡ್ ದಾರಿ ಮುಚ್ಬುಡ್ತಾರೆ. ಇನ್ನೊಂದ್ ವಿಚಾರ. ನಿನ್ನ ನಾನು ಅಂಗೆಲ್ಲ ಮರ್ಯಾಕಿಲ್ಲ. ಯಾವಾಗ್ಲಾರ ಒಂದ್ಸಲ ಸೀಟಲ್ಲಿ ಕೂತ್ಕೊಂಡು ಬಾ. ಎಲ್ರಂಗೆ ಆರಾಮಾಗಿ, ಒಂದೊಂದೇ ಕಲ್ಲು ನೋಡ್ಕೊಂಡು...”

ಮಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಅವನ ಪಕ್ಕದಿಂದ ದಾಟಿ, ಕೈತೊಳೆದ ನೀರಿನ ಕೆಸರನ್ನು ತಪ್ಪಿಸಿಕೊಂಡು, ಕಾಫಿ ಗಿಡಗಳ ಕಡೆ ನಡೆದಳು.

“ಮಾಯಕ್ಕ, ಎತ್ಲಾಗೆ? ನಾನು ಯೋಳ್ತಾ ಇರದು ಕೇಳ್ದಾ? ಸೀಟಿನ್ ವಿಚಾರ... ಅಕ್ಕ, ಇಟ್ಟು ಆರೋಯ್ತದೆ...”

ಬೇಗ ನಡೆಯಲು ಅವಳ ಕಾಲು ಕೇಳಲಿಲ್ಲ. ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ತಿರುವಿನಲ್ಲಿ ಒಂದು ಗಿಡದ ಕೊಂಬೆ ಹಿಡಿದು ಉಸಿರು ತೆಗೆದುಕೊಂಡಳು. ಹಿಂದೆ ಚಲುವರಾಜು ಇನ್ನೂ ಏನೋ ಹೇಳುತ್ತಿದ್ದ. ಅವಳು ಕೊಂಬೆ ಬಿಟ್ಟು ಮುಂದಕ್ಕೆ ನಡೆದಳು.