ಪಟ್ಟಿಯಲ್ಲಿ ಉಳಿದ ಹೆಸರು

ಕಾಜಾ ಅಕ್ಕನ ಬಗ್ಗೆ ಒಳ್ಳೆಯ ಮಾತು ಬರೆಯುವುದೆಂದರೆ ನನಗೆ ಸ್ವಲ್ಪ ಮುಜುಗರ. ಹದಿನಾಲ್ಕು ವರ್ಷ ಅವರ ಜೊತೆ ಜಗಳವಾಡಿಕೊಂಡೇ ಬಂದವನು ನಾನು. ನನ್ನದು ಬೀಗದ ಅಂಗಡಿ, ಎದುರಿಗೆ ಅವರದು ಹೊಲಿಗೆ ಅಂಗಡಿ. ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬೇರೆ ದರ್ಜಿಗಳೂ ಕಾಜಾ ಹಾಕಿಸಲೆಂದು ಅಂಗಿಗಳನ್ನು ಅವರಲ್ಲಿಗೇ ಕಳಿಸುತ್ತಿದ್ದರು. ಅಡ್ಡಹೆಸರು ಹಾಗೆ ಅಂಟಿಕೊಂಡಿತು. ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವರು ಗಂಡ ಒಬ್ಬರೇ.

ಆ ಗಂಡ ನಮ್ಮ ಬಡಾವಣೆ ಸಮಿತಿಯ ಅಧ್ಯಕ್ಷರು, ಅಕ್ಕ ಕಾರ್ಯದರ್ಶಿ, ನಾನು ಸದಸ್ಯ. ಒಟ್ಟು ಏಳು ಜನ. ವಾಚನಾಲಯದ ಬಾಗಿಲು ತೆಗೆಯುವುದು, ಪಾರ್ಕಿನಲ್ಲಿ ಮುರಿದ ಉಯ್ಯಾಲೆ ಸರಿಪಡಿಸುವುದು, ಬಡಾವಣೆಯ ಹಿಂದಿನ ಕಾಲುದಾರಿಯನ್ನು ಗುಡಿಸಿಡುವುದು ನಮ್ಮ ಕೆಲಸ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಒಂದು ಸಭೆಯಲ್ಲಿ ಅಕ್ಕ ಕಾನೂನು ರಕ್ಷಣೆಯ ವಿಮೆಯ ಮಾತೆತ್ತಿದರು. ಸಮಿತಿಯ ಕೆಲಸಕ್ಕಾಗಿ ನಮ್ಮಲ್ಲಿ ಯಾರ ಮೇಲಾದರೂ ಕೇಸು ಬಿದ್ದರೆ ವಕೀಲರ ಖರ್ಚು, ಕೋರ್ಟಿನ ಖರ್ಚು ವಿಮಾ ಕಂಪನಿಯದು. ಅದಿಲ್ಲದಿದ್ದರೆ ಸಿಕ್ಕಿಬಿದ್ದವನು ಮನೆಮಠ ಕಳೆದುಕೊಳ್ಳಬೇಕಾಗುತ್ತದೆ ಎಂದರು.

"ಉಯ್ಯಾಲೆಗೆ ಎಣ್ಣೆ ಬಿಡೋರ ಮೇಲೆ ಯಾರಕ್ಕಾ ಕೇಸು ಹಾಕ್ತಾರೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು!" ಎಂದು ನಾನೇ ಮೊದಲು ನಕ್ಕೆ.

"ಹಾಗೆ ಮುಂಚೆನೇ ಹೊಲಿಸೋರಿಂದ ಕಣಪ್ಪಾ ನನ್ನ ಅಂಗಡಿ ನಡೀತಿರೋದು," ಎಂದರು ಅಕ್ಕ.

ವಿಮೆ ಮಾಡಿಸಿಯೇ ಬಿಟ್ಟರು. ವರ್ಷಕ್ಕೊಮ್ಮೆ ಅದನ್ನು ನವೀಕರಿಸುವಾಗ ಏಳು ಜನರ ಹೆಸರಿನ ಪಟ್ಟಿಯನ್ನು ಕೈಯಾರೆ ಬರೆದು ಕಳಿಸುತ್ತಿದ್ದರು. ನಡಾವಳಿ ಪುಸ್ತಕದಲ್ಲಿದ್ದುದೂ ಅವರದೇ ಅಕ್ಷರ. ಸಭೆಯ ನಿರ್ಣಯಗಳಷ್ಟೇ ಅಲ್ಲ, ಯಾರು ತಡವಾಗಿ ಬಂದರು, ಯಾರು ತೂಕಡಿಸಿದರು ಎನ್ನುವುದೂ ಅದರಲ್ಲಿ ದಾಖಲಾಗುತ್ತಿತ್ತು. ತೂಕಡಿಸಿದವನು ಸಾಮಾನ್ಯವಾಗಿ ನಾನೇ. ಕೊನೆಗೆ ಎಲ್ಲರೂ ಅದಕ್ಕೆ ಸಹಿ ಹಾಕಬೇಕು. ಈ ಚಾಳಿ ನನಗೆ ಒಂದು ದಿನವೂ ಹಿಡಿಸಲಿಲ್ಲ.

ಮುಂದೊಂದು ವರ್ಷ ಅಧ್ಯಕ್ಷರು ಇದ್ದಕ್ಕಿದ್ದಂತೆ ತೀರಿಕೊಂಡರು. ಮರುತಿಂಗಳ ಸಭೆಯಲ್ಲಿ, ಅದುವರೆಗೆ ಸಮಿತಿಯಲ್ಲಿಲ್ಲದ ನಮ್ಮ ಬಡಾವಣೆಯ ಪ್ಲಂಬರನನ್ನು ಅಧ್ಯಕ್ಷನನ್ನಾಗಿ ಆರಿಸಿದೆವು. ಕರೆದ ದಿನವೇ ಬರುವ ಅಪರೂಪದ ಪ್ಲಂಬರ್ ಅವನು. ಅಕ್ಕ ತಲೆಯೆತ್ತದೆ ಅಷ್ಟನ್ನೂ ಬರೆದುಕೊಂಡರು.

ಎರಡು ವರ್ಷ ಕಳೆಯಿತು. ಒಬ್ಬ ಬಿಲ್ಡರ್ ನಮ್ಮ ಕಾಲುದಾರಿಗೆ ಗೇಟು ನಿಲ್ಲಿಸಿ ಬೀಗ ಜಡಿದ. ಬೀಗ ನನ್ನ ಅಂಗಡಿಯಿಂದಲೇ ಹೋಗಿತ್ತು, ಆ ಮಾತು ಈಗ ಬೇಡ. ಸಭೆ ಸೇರಿ ನಿರ್ಣಯ ಮಾಡಿ, ಗೇಟಿನ ಪಕ್ಕ ಒಂದು ಬೋರ್ಡು ಹಾಕಿದೆವು: "ಇದು ಎಲ್ಲರ ದಾರಿ. ಬಿಲ್ಡರ್ ಅಕ್ರಮವಾಗಿ ಮುಚ್ಚಿದ್ದಾರೆ." ಕೆಳಗೆ ಅಧ್ಯಕ್ಷನ ಸಹಿ. ಬಿಲ್ಡರ್ ಮಾನನಷ್ಟದ ಕೇಸು ಹಾಕಿದ್ದು ಆ ಸಹಿಯ ಮೇಲೆ, ಅಂದರೆ ಪ್ಲಂಬರ್ ಒಬ್ಬನ ಮೇಲೆ.

ಪ್ಲಂಬರ್ ಆಗ ಮನೆ ಕಟ್ಟಿಸುತ್ತಿದ್ದ. ಗೋಡೆ ಎದ್ದಿತ್ತು, ಸೂರು ಬಂದಿರಲಿಲ್ಲ. ನೋಟಿಸು ಹಿಡಿದು ಅಕ್ಕನ ಅಂಗಡಿಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಹೆದರ್ಕೋಬೇಡ, ವಿಮೆ ಇದೆಯಲ್ಲ," ಎಂದು ಅಕ್ಕ ಮಷೀನಿನ ಕೆಳಗಿನಿಂದ ಫೈಲು ತೆಗೆದರು. ಬಿಚ್ಚಿದವರು ಹಾಗೇ ಕುಳಿತುಬಿಟ್ಟರು. ನಾನು ರಸ್ತೆ ದಾಟಿ ಬಂದು ಇಣುಕಿದೆ. ಪಟ್ಟಿಯಲ್ಲಿ ಅಧ್ಯಕ್ಷರು ಎಂಬಲ್ಲಿ ಅವರ ಗಂಡನ ಹೆಸರೇ ಇತ್ತು. ಪ್ಲಂಬರನ ಹೆಸರು ಎಲ್ಲೂ ಇರಲಿಲ್ಲ.

ಅಂದು ಸಂಜೆಯೇ ಸಭೆ. ಅಕ್ಕ ಎದ್ದು ನಿಂತರು. "ತಪ್ಪು ನಂದು. ಅವರು ಹೋದ ಮೇಲೆ ಎರಡು ಸಲ ಪಟ್ಟಿ ಬರೆದೆ. ಎರಡು ಸಲನೂ ಅವರ ಹೆಸರು ಬಿಡೋಕೆ ಕೈ ಬರಲಿಲ್ಲ."

ಸದಸ್ಯರಲ್ಲೊಬ್ಬರಾದ ನಿವೃತ್ತ ಮೇಷ್ಟ್ರು ಮೆಲ್ಲಗೆ ಕೆಮ್ಮಿದರು. "ಹೊಸ ಪಟ್ಟಿ ಬರೆದು ಹಳೇ ತಾರೀಖು ಹಾಕಿಬಿಡಿ. ಕಳಿಸಿದ್ವಿ, ಅಂಚೇಲಿ ಕಳೆದುಹೋಯ್ತು ಅನ್ನೋಣ." ನಾನು ತಲೆಯಾಡಿಸಿದೆ. ಪ್ಲಂಬರ್ ನೆಲ ನೋಡುತ್ತಿದ್ದ. ಅವನ ಸೂರಿಲ್ಲದ ಮನೆ ನನ್ನ ಕಣ್ಣ ಮುಂದಿತ್ತು, ಸುಳ್ಳು ಹೇಳಲು ನನಗೇನೂ ಅಡ್ಡಿಯಿರಲಿಲ್ಲ.

"ಒಂದು ತಪ್ಪಾಗಿದೆ ಮೇಷ್ಟ್ರೇ. ಅದಕ್ಕೆ ಜೋಡಿ ಬೇಡ," ಎಂದರು ಅಕ್ಕ. ಕುಳಿತು ಎಲ್ಲವನ್ನೂ ನಡಾವಳಿಯಲ್ಲಿ ಬರೆದರು: ತಮ್ಮ ತಪ್ಪು, ಮೇಷ್ಟ್ರ ಸಲಹೆ, "ಬೀಗದವರು ತಲೆಯಾಡಿಸಿದರು" ಎಂಬುದು ಕೂಡ. ನನ್ನ ಮೈ ಉರಿದುಹೋಯಿತು. ಆದರೂ ಸಹಿ ಹಾಕಿದೆ.

ಮರುದಿನ ಅಕ್ಕ ಅಂಗಡಿ ಮುಚ್ಚಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ವಿಮಾ ಕಚೇರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಅಲ್ಲಿನ ಅಧಿಕಾರಿಣಿಗೆ ನನ್ನ ಮಗಳ ವಯಸ್ಸು. ಪಟ್ಟಿ ನೋಡಿದಳು, ಪುಸ್ತಕ ನೋಡಿದಳು.

"ಹೊಸ ಅಧ್ಯಕ್ಷರನ್ನು ಆರಿಸಿದ್ದು ಬರೆದೋರು ಯಾರು?"

"ನಾನೇ."

"ಮತ್ತೆ ಈ ಪಟ್ಟಿ?"

"ಅದೂ ನಾನೇ. ತೀರಿಕೊಂಡೋರು ನಮ್ಮೆಜಮಾನ್ರು."

ಆಕೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಹಿಂದಿನ ದಿನದ ಪುಟವನ್ನು ಎರಡು ಸಲ ಓದಿದಳು, ಒಮ್ಮೆ ನನ್ನತ್ತ ನೋಡಿದಳು. ತುಟಿಯಲ್ಲಿ ನಗು ತಡೆದುಕೊಂಡಿದ್ದು ನನಗೆ ಕಾಣದೆ ಇರಲಿಲ್ಲ.

ಎಂಟು ದಿನ ಪ್ಲಂಬರ್ ಸರಿಯಾಗಿ ಊಟ ಮಾಡಲಿಲ್ಲ, ಅಕ್ಕನೂ ಮಾಡಲಿಲ್ಲ. ಒಂಬತ್ತನೇ ದಿನ ಆ ವಿಮಾ ಅಧಿಕಾರಿಣಿಯೇ ಫೋನು ಮಾಡಿದಳು. ಕೇಸಿಗೆ ಮುಂಚೆಯೇ ಪ್ಲಂಬರನನ್ನು ಆರಿಸಿದ್ದಕ್ಕೆ ಎಲ್ಲರ ಸಹಿ ಇರುವುದರಿಂದ ಅವನಿಗೂ ವಿಮೆ ಸಲ್ಲುತ್ತದೆ, ವಕೀಲರನ್ನು ಕಂಪನಿಯೇ ಕೊಡುತ್ತದೆ ಎಂದಳು. "ಸ್ವಂತ ತಪ್ಪನ್ನೂ ಬರ್ಕೊಂಡಿದ್ದೀರಲ್ಲಮ್ಮಾ, ಅದಕ್ಕೇ ಮಿಕ್ಕಿದ್ದನ್ನೂ ನಂಬಿದ್ವಿ. ಪಟ್ಟಿ ಮಾತ್ರ ಇವತ್ತೇ ಸರಿಮಾಡಿ ಕಳಿಸಿ."

ಇಂಥ ಹೆಂಗಸಿನ ಜೊತೆ ಇಷ್ಟು ವರ್ಷ ಜಗಳವಾಡಿದ್ದೆನಲ್ಲ ಎಂದು ನನಗೆ ಆಗ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಅಕ್ಕ ಹಾಳೆ ತೆಗೆದರು. ಪ್ಲಂಬರ್ ಕಣ್ಣೊರೆಸಿಕೊಂಡು, "ಭಾವನ ಹೆಸರು ಇರ್ಲಿ ಬಿಡಕ್ಕ. ಕೆಳಗೆ ನಂದೂ ಸೇರಿಸು, ಸಾಕು," ಎಂದ.

"ನಿಮ್ಮ ಭಾವನ ಮೇಲೆ ಇನ್ಯಾರೂ ಕೇಸು ಹಾಕಲ್ಲ ಕಣೋ. ಕೇಸು ಬಿದ್ದಿರೋದು ನಿನ್ನ ಮೇಲೆ." ಒಂದು ಗಳಿಗೆ ಪೆನ್ನು ಹಿಡಿದೇ ಕುಳಿತಿದ್ದರು. ಆಮೇಲೆ ಅಧ್ಯಕ್ಷರು ಎಂಬಲ್ಲಿ ಪ್ಲಂಬರನ ಹೆಸರು ಬರೆದರು. ಉಳಿದ ಆರನ್ನೂ ಬರೆದು ಹಾಳೆಯನ್ನು ನನ್ನ ಕೈಗಿತ್ತರು. "ಜೋರಾಗಿ ಓದು. ಈ ಸಲ ಯಾರೂ ಬಿಟ್ಟುಹೋಗಬಾರದು."

ಓದಿದೆ. ಅಧ್ಯಕ್ಷನ ಹೆಸರು ಓದಿ, ಕಾರ್ಯದರ್ಶಿ ಎಂಬಲ್ಲಿದ್ದ ಅಕ್ಕನ ನಿಜವಾದ ಹೆಸರನ್ನೂ ಓದಿದೆ. ಅಕ್ಕ ಯಾರೋ ಕರೆದರೆಂಬಂತೆ ಥಟ್ಟನೆ ತಲೆಯೆತ್ತಿದರು.

"ಇನ್ನೊಂದ್ಸಲ ಓದು," ಎಂದರು.

ಓದಿದೆ.