ಹೊಸ ರೆಕಾರ್ಡಿನಲ್ಲಿ ತಪ್ಪಿದ ತಾಳ

ಕಲೆಯಲ್ಲಿ ಮೂಲವನ್ನು ಯಾರೂ ಮುಟ್ಟಬಾರದು ಎಂಬುದು ನನ್ನ ಅಚಲ ಸಿದ್ಧಾಂತ. ಕಳೆದ ಭಾನುವಾರ ವಿಜಯನಗರದಲ್ಲಿ, ಗೆಳೆಯ ಮೂರ್ತಿಯ ಮನೆಯಲ್ಲಿ, ಅದು ಕಾಫಿ ಆರುವಷ್ಟು ಹೊತ್ತೂ ಉಳಿಯಲಿಲ್ಲ.

ಹೃದಯದ ಆಪರೇಷನ್ ಆದಾಗಿನಿಂದ ಮೂರ್ತಿ ಮಾತು ಬಿಟ್ಟಿದ್ದ. "ಏನಾದ್ರೂ ಮಾಡಿ ಅಣ್ಣ, ಗೋಡೆ ಜೊತೆ ಸಂಸಾರ ಮಾಡ್ದಂಗಿದೆ" ಎಂದು ಅವನ ಹೆಂಡತಿ ವಸಂತಾ ಫೋನ್ ಮಾಡಿದ್ದರು. ಕಾಲೇಜಿನಿಂದಲೂ ನಾವಿಬ್ಬರೂ ಪೂಜಿಸುತ್ತಾ ಬಂದ ಪ್ರೋಗ್ರೆಸಿವ್ ರಾಕ್ ಆಲ್ಬಮ್ಮೊಂದರ ಮೂಲ ಧ್ವನಿಮುದ್ರಣವನ್ನೇ ಮತ್ತೆ ಹದಗೊಳಿಸಿದ ಹೊಸ ರೀಮಿಕ್ಸ್ ಬಂದಿತ್ತು. ಬೈಯುವುದಕ್ಕಾದರೂ ಬಾಯಿ ತೆರೆದಾನು ಎಂದು ಆ ರೆಕಾರ್ಡನ್ನು ಒಯ್ದೆ.

ನಾವು ಕೇಳಿ ಬೆಳೆದ ಹಳೆಯ ಆಲ್ಬಮ್ಮಿನ ಮೊದಲ ಹಾಡಿನ ನಡುವೆ ಡ್ರಮ್ಮಿನ ತಾಳ ಥಟ್ಟನೆ ಅರ್ಧ ಪೆಟ್ಟು ಹಾರುತ್ತಿತ್ತು. ಡ್ರಮ್ ಬಾರಿಸಿದವನ ಆ ಪ್ರತಿಭೆಯ ಬಗ್ಗೆ ನಾನು ಎಷ್ಟೋ ಜನರಿಗೆ ಉಪನ್ಯಾಸ ಕೊಟ್ಟಿದ್ದೇನೆ. ಮೂರ್ತಿಯ ಕ್ಯಾಸೆಟ್ಟೂ ನನ್ನ ಹಳೆಯ ರೆಕಾರ್ಡಿನಿಂದ ಇಳಿಸಿಕೊಂಡದ್ದೇ. ಹೊಸ ರೆಕಾರ್ಡ್ ಹಾಕಿದೆವು. ಆ ಜಾಗ ಬಂದಾಗ ಇಬ್ಬರೂ ಅಭ್ಯಾಸದಂತೆ ಒಟ್ಟಿಗೆ ತೊಡೆ ತಟ್ಟಿ ತಾಳ ಹಾರಿಸಿದೆವು. ಡ್ರಮ್ಮು ಹಾರಲಿಲ್ಲ, ನೆಟ್ಟಗೆ ಮುಂದೆ ಹೋಯಿತು.

ಮೂರ್ತಿ ನನ್ನನ್ನೇ ನೋಡಿದ. "ಲೋ, ಅದು ತಾಳ ಅಲ್ಲ ಕಣೋ, ನಿನ್ನ ಹಳೇ ರೆಕಾರ್ಡಿನ ಗೀರು! ಇಷ್ಟು ವರ್ಷ ಗೀರಿಗೆ ತಲೆ ದೂಗಿದ್ವಲ್ಲೋ!" ಎಂದವನು ಎರಡು ಕೈಯಲ್ಲೂ ಎದೆ ಒತ್ತಿಕೊಂಡು ನಗತೊಡಗಿದ. ಸೌಟು ಹಿಡಿದೇ ಓಡಿ ಬಂದ ವಸಂತಾ, ಅವನು ನಗುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

ರೀಮಿಕ್ಸ್ ಮಾಡಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ರೆಕಾರ್ಡ್ ಈಗ ಮೂರ್ತಿಯ ಮನೆಯಲ್ಲಿದೆ. ಈ ಭಾನುವಾರಕ್ಕೆ ಅವನೇ ಫೋನ್ ಮಾಡಿ ಕರೆದಿದ್ದಾನೆ.