ಟಿಸಿ ಕಂಬದ ಕೆಳಗೆ

ದಿನಕ್ಕೊಂದು ಇಂಗ್ಲಿಷ್ ಪದವನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಅರ್ಥ ಗೊತ್ತಾದರೆ ಒಂದು ಗೆರೆ, ಮೂಲವೂ ಗೊತ್ತಾದರೆ ಎರಡು. ಆ ಬುಧವಾರದ ಪದ ‘ಟೆಮೆರಿಟಿ’. ಹಿಂದುಮುಂದು ನೋಡದ ಭಂಡಧೈರ್ಯ ಎಂದು ಅರ್ಥ. ಲ್ಯಾಟಿನ್ ಮೂಲದಲ್ಲಿ ಅದು ಕಣ್ಣು ಕಾಣದವರಂತೆ ಮುನ್ನುಗ್ಗುವುದು. ನಮ್ಮ ‘ತಮಸ್ಸು’ ಕೂಡ ಅದೇ ಬೇರಿನದಂತೆ. ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಬಸ್ಸಿನಲ್ಲೇ ಎರಡು ಗೆರೆ ಎಳೆದೆ.

ಹಳೇಕೋಟೆ ಹತ್ತಿರದ ನಮ್ಮೂರು ಮುಟ್ಟಿದಾಗ ಮುಸ್ಸಂಜೆ. ಜಮೀನಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತು. ಬಂದದ್ದೇ ತಡ, ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫ್ಯೂಸು ಹೋಯಿತು. ಚಿಕ್ಕಪ್ಪನ ಶುಂಠಿ ನೀರಿಲ್ಲದೆ ಬಾಡುತ್ತಿತ್ತು. ನಮ್ಮ ಕಡೆ ಲೈನ್‌ಮನ್‌ಗೆ ಯಾರೂ ಕಾಯುವುದಿಲ್ಲ. ಕಂಬದ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆಳೆದು, ಕರೆಂಟು ನಿಲ್ಲಿಸಿ, ಫ್ಯೂಸಿಗೆ ತಾವೇ ತಂತಿ ಕಟ್ಟುತ್ತಾರೆ.

“ಬ್ಯಾಟ್ರಿ ಇಡ್ಕೊಂಡು ಬಾರವ್ವ,” ಅಂದ ಚಿಕ್ಕಪ್ಪ.

“ಲೈನ್‌ಮನ್ ಬರ್ಲಿ ಚಿಕ್ಕಪ್ಪ.”

“ಅವ್ನು ಬರೋಗಂಟ ಕರೆಂಟೇ ಓಗಿರ್ತದೆ. ನೀನುಟ್ಟಕ್ ಮುಂಚಿಂದ ಕಟ್ತಾ ಇವ್ನಿ ಕಣವ್ವ. ಸತ್ನಾ?”

ಟಿಸಿ ಕಂಬದ ಹಿಡಿ ದಡ್ ಎಂದು ಇಳಿಯಿತು. ಇಳಿದರೆ ಕರೆಂಟು ನಿಂತಿತೆಂದೇ ಅವನ ಲೆಕ್ಕ. ತಲೆ ಎತ್ತಿ ನೋಡುವುದಿಲ್ಲ. ಅವನು ಫ್ಯೂಸ್ ಪೆಟ್ಟಿಗೆಗೆ ಕೈ ಹಾಕುವಾಗ, ಅವನ ಕೈ ನೋಡಲಾರದೆ ನಾನು ಬ್ಯಾಟರಿಯ ಬೆಳಕನ್ನು ಮೇಲಕ್ಕೆ ಬಿಟ್ಟೆ. ಕಂಬದ ತುದಿಯಲ್ಲಿ ಸ್ವಿಚ್ಚಿನ ಮೂರು ಪಟ್ಟಿಗಳೂ ತಂತಿಯಿಂದ ಬಿಟ್ಟುಕೊಂಡಿರಬೇಕಿತ್ತು. ಎರಡು ಮಾತ್ರ ಬಿಟ್ಟಿದ್ದವು. ಮೂರನೆಯದರಲ್ಲಿ ಕರೆಂಟು ಇನ್ನೂ ಇತ್ತು.

“ಚಿಕ್ಕಪ್ಪ, ಮೂರ್ನೇದು ಬುಟ್ಟಿಲ್ಲ.”

ಅವನ ಕೈ ಅಲ್ಲೇ ನಿಂತಿತು. ಮೇಲೆ ನೋಡಿದ. ಹಿಡಿಯನ್ನು ಎತ್ತಿ ಮತ್ತೆ ಜಗ್ಗಿದ. ಮೂರನೆಯದು ಅಲುಗಿತು. ಬಿಟ್ಟಿತೋ ಇಲ್ಲವೋ ತಿಳಿಯಲಿಲ್ಲ.

“ಬುಡ್ತು. ಬೆಳಕ ಇತ್ತಾಗ್ ಬುಡು.”

“ಬುಟ್ಟಿರೋದು ನಂಗೆ ಕಾಣ್ತಿಲ್ಲ.”

“ನಿಂಗ್ಯಾಕ್ ಕಾಣ್ಬೇಕು? ಕೈ ಇಕ್ಕೋನು ನಾನಲ್ವಾ?”

ಹೋಗಿ ಅವನಿಗೂ ಪೆಟ್ಟಿಗೆಗೂ ನಡುವೆ ನಿಂತೆ. ಚಿಕ್ಕಪ್ಪ ನನ್ನ ತೋಳು ಹಿಡಿಯಲು ಬಂದವನು, ಎಳೆದಾಟದಲ್ಲಿ ನಾನು ಪೆಟ್ಟಿಗೆಗೆ ತಾಗಿಬಿಟ್ಟೇನೆಂದು ಹಿಡಿಯದೆ ಹಿಂದೆ ಸರಿದ.

“ನಿನ್ನ ಓದ್ಸಿದ್ದೇ ತಪ್ಪಾಯ್ತು ಕಣ. ಈಚೆ ಬಾ, ಮದ್ಲು ಈಚೆ ಬಾ.”

“ಫೋನ್ ಮಾಡು, ಬತ್ತೀನಿ.”

ಅವನು ಫೋನ್ ಮಾಡಿದ. ಲೈನ್‌ಮನ್ ಅರಕಲಗೂಡು ರಸ್ತೆಯಲ್ಲಿದ್ದಾನಂತೆ, ಬರುತ್ತಾನಂತೆ. ಚಿಕ್ಕಪ್ಪ ಬದುವಿನ ಮೇಲೆ ಕುಳಿತ. ಕೈಯಲ್ಲಿದ್ದ ತಂತಿಯನ್ನು ಮಾತ್ರ ಕೆಳಗಿಡಲಿಲ್ಲ. ಅದಕ್ಕೇ ನಾನೂ ಕದಲಲಿಲ್ಲ. ಪೆಟ್ಟಿಗೆ ನನ್ನ ಬೆನ್ನಿಗೆ ಎಷ್ಟು ಹತ್ತಿರವಿದೆ ಎಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ.